ನೂಲಿಗೆ ಉಣಿಸಿದ ಅಂಬಲಿ

ಆಗದ ಮಾತು ಎಂದು ಮೊದಲು ಹೇಳಿದವಳು ನನ್ನ ಅತ್ತೆ, ಅಪ್ಪನ ಅಕ್ಕ. "ಬಿ.ಎ. ಮಾಡಿದಾಕಿ ಕುಣ್ಯಾಗ ಕಾಲು ಇಳಿಬಿಟ್ಟು ಸೀರಿ ನೇಯ್ತಾಳಂತ! ನಮ್ಮ ಮನಿತನದಾಗ ಒಬ್ಬರಾದ್ರೂ ಮಗ್ಗ ಮುಟ್ಯಾರೇನ? ಆಗೂದಿಲ್ಲವಾ, ಬೇಕಾದ್ರ ಬರಕೊಡ್ತೀನಿ" ಎಂದಳು. ನಿನಗೆ ಬರೆಯಲು ಬರುವುದಿಲ್ಲವಲ್ಲ ಎಂದರೆ, "ಹೆಬ್ಬಟ್ಟು ಒತ್ತಿ ಕೊಡ್ತೀನಿ ತಗೋ" ಎಂದು ನಕ್ಕಳು.

ನಮ್ಮದು ಹಲಬರ್ಗಾ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ದಿನಾ ರೈಲಿನಲ್ಲಿ ಬೀದರಿಗೆ ಓಡಾಡಿ, ಕೂರಲು ಜಾಗ ಸಿಗದಿದ್ದರೆ ಬಾಗಿಲ ಬಳಿ ನಿಂತೇ ಓದಿ ಪಾಸಾದೆ. ಅದನ್ನು ಯಾರೂ ಕೇಳದಿದ್ದರೂ ಹೇಳುತ್ತೇನೆ. ಆದರೆ ನಾನು ಪಾಸಾದ ವರ್ಷ ಮಳೆ ಬರಲಿಲ್ಲ. ಮರುವರ್ಷವೂ ಬರಲಿಲ್ಲ. ನಮ್ಮ ಓಣಿಯ ಮನೆಗಳಿಗೆ ಒಂದೊಂದಾಗಿ ಬೀಗ ಬಿತ್ತು. ಅಪ್ಪ, ಅವ್ವ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋದರು. ನಾನು ಬೀದರಿನಲ್ಲಿ ಅತ್ತೆಯ ಒಂದು ಕೋಣೆಯ ಮನೆಗೆ ಬಂದೆ. ಗಂಡನಿಲ್ಲದ ಅತ್ತೆ ಊರವರ ಮನೆಗಳಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಸಂಜೆ ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದ ಜೋಳದ ಹಿಟ್ಟೇ ನಮ್ಮಿಬ್ಬರ ಊಟ. ಅದನ್ನೂ ತೆಳ್ಳಗೆ ಅಂಬಲಿ ಕಾಸಿ ಎರಡು ಹೊತ್ತು ಮಾಡುತ್ತಿದ್ದಳು.

ಅತ್ತೆಯ ಓಣಿಯ ತುದಿಯ ಹಳೆಯ ಕಲ್ಲಿನ ಮನೆಯಲ್ಲಿ ಊರವರೇ ಸೇರಿ ನಡೆಸುತ್ತಿದ್ದ ಒಂದು ಕೈಮಗ್ಗದ ಕೇಂದ್ರವಿತ್ತು. ಕಲಿತು ಮುಗಿಸಿದವರಿಗೆ ಪ್ರಮಾಣಪತ್ರ. ಅದು ಇದ್ದವರಿಗೆ ಔರಾದದಲ್ಲಿ ತೆರೆಯಲಿದ್ದ ಹೊಸ ಕೇಂದ್ರದಲ್ಲಿ ಕಲಿಸುವ ಕೆಲಸ. ಆ ಕೆಲಸ ಸಿಕ್ಕರೆ ಅವ್ವನನ್ನಾದರೂ ಇಟ್ಟಿಗೆಯ ಬುಟ್ಟಿಯಿಂದ ಬಿಡಿಸಿ ಕರೆತರಬಹುದು ಎಂಬುದು ನನ್ನ ಲೆಕ್ಕ. ಷರತ್ತು ಒಂದೇ: ಪ್ರತಿಯೊಬ್ಬರೂ ಒಂದು ಪೂರ್ತಿ ಸೀರೆಯನ್ನು ತಾವೇ ನೇಯ್ದು ಇಳಿಸಬೇಕು.

ಕಲಿಸುತ್ತಿದ್ದವರು ಭಾಲ್ಕಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ಒಬ್ಬ ಹೆಂಗಸು. ನಾವು ಅಕ್ಕೋರು ಎನ್ನುತ್ತಿದ್ದೆವು. ಮೊದಲ ದಿನವೇ ಅವರು ಹೇಳಿದ್ದು: "ನೂಲು ಕೇಂದ್ರದ್ದು. ಗಂಜಿಗಿ ಹಿಟ್ಟು, ಕುಣಿಗಿ ನೀರು ನಿಮ್ಮ ನಿಮ್ಮದು. ಬೋರು ಬತ್ತ್ಯಾದ, ನನ್ನ ಮಾರಿ ನೋಡಬ್ಯಾಡ್ರಿ."

ಹತ್ತಿಯ ನೂಲು ಒಣಗಾಳಿಗೆ ಪಟಪಟ ಹರಿಯುತ್ತದೆ. ಅದಕ್ಕೇ ಮಗ್ಗವನ್ನು ಕುಣಿಯ ಮೇಲೆ, ಅಂದರೆ ನೇಯುವವರು ಕಾಲು ಇಳಿಬಿಡುವ ತಗ್ಗಿನ ಮೇಲೆ, ಹೂಡುವುದು. ಬೆಳಿಗ್ಗೆ ಕುಣಿಯ ನೆಲಕ್ಕೆ ಒಂದು ಕೊಡ ನೀರು ಚಿಮುಕಿಸಿದರೆ ದಿನವಿಡೀ ಅದರ ತಂಪು ಮೇಲೆದ್ದು ನೂಲನ್ನು ಮೆತ್ತಗೆ ಇಡುತ್ತದೆ. ಮಗ್ಗಕ್ಕೆ ಏರಿಸುವ ಮುಂಚೆ ಹಾಸಿನ ಉದ್ದನೆಯ ಎಳೆಗಳಿಗೆ ಗಂಜಿಯನ್ನೂ ಸವರಬೇಕು. ಅಂದರೆ ಕುಡಿಯುವವರ ನೀರು, ಉಣ್ಣುವವರ ಹಿಟ್ಟು ಎರಡನ್ನೂ ನೂಲು ಕೇಳುತ್ತದೆ. ಬೇರೆ ಕಾಲದಲ್ಲಿ ಯಾರೂ ಅದನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.

ಟ್ಯಾಂಕರಿನ ಸಾಲಿನಲ್ಲಿ ಹಿಡಿದ ಕೊಡವನ್ನು ಹೊತ್ತು ಅದೇ ಸಾಲಿನ ಹೆಂಗಸರ ಮುಂದೆಯೇ ನಾನು ಕೇಂದ್ರಕ್ಕೆ ನಡೆಯಬೇಕಿತ್ತು.

"ಎಲ್ಲಿಗಿ ಹೊಂಟಾದ ತಾಯಿ, ನೀರು?"

"ಮಗ್ಗಕ್ಕರಿ."

"ಕೇಳಿದ್ರೇನ್ರೆ? ಇಲ್ಲಿ ಕೂಸಿಗಿ ಮಾರಿ ತೊಳ್ಯಾಕಿಲ್ಲ, ಈಕಿ ನೂಲಿಗಿ ಜಳಕ ಮಾಡಸ್ತಾಳ! ಸಾಲಿ ಕಲ್ತವರ ನಮೂನಿನೇ ಬ್ಯಾರೆ."

ಉತ್ತರ ಕೊಡಲು ನನಗೆ ಬರುತ್ತಿತ್ತು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಂತವಳು ನಾನು. ಆದರೆ ಅವರು ಹೇಳಿದ್ದರಲ್ಲಿ ಸುಳ್ಳು ಎಲ್ಲಿತ್ತು? ಕೊಡ ತುಳುಕಿ ನೆಲಕ್ಕೆ ಬಿದ್ದ ಹನಿಗಳನ್ನು ಅವರ ಕಣ್ಣುಗಳು ಎಣಿಸುತ್ತಿದ್ದವು. ನಾನು ತಲೆ ತಗ್ಗಿಸಿ ಬೇಗ ನಡೆಯುತ್ತಿದ್ದೆ, ಬೇಗ ನಡೆದಷ್ಟೂ ನೀರು ಇನ್ನೂ ತುಳುಕುತ್ತಿತ್ತು.

ಇದಕ್ಕಿಂತ ದೊಡ್ಡ ನಾಚಿಕೆ ಒಂದಿತ್ತು. ನನಗೆ ಅಲ್ಲಿ ಸಂತೋಷವಾಗುತ್ತಿತ್ತು. ನನ್ನ ಸೀರೆಯ ಸೆರಗಿಗೆ ತೊಗರಿ ಹೂವಿನ ಹಳದಿ ಬೇಕು, ಅದರ ದಳದ ಬೆನ್ನಿಗಿರುವ ಕೆಂಪು ಗೆರೆಯೂ ಬೇಕು ಎಂದು ಹಟ ಹಿಡಿದಿದ್ದೆ. ಹಳದಿ ನೂಲಿನ ಎರಡು ಲಡಿಗಳನ್ನು ಬಿಸಿಲಿಗೆ ಹಿಡಿದು ಯಾವುದು ಸರಿ ಎಂದು ಅರ್ಧ ದಿನ ನೋಡುತ್ತಿದ್ದೆ. ಆ ಹೊತ್ತಿಗೆ ಅವ್ವ ಎಷ್ಟನೇ ಮಹಡಿಯಲ್ಲಿ ಇರುತ್ತಾಳೋ ಎಂದು ನೆನಪಾದರೆ ಲಡಿ ಕೆಳಗಿಡುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಎತ್ತಿಕೊಳ್ಳುತ್ತಿದ್ದೆ.

ಅಲ್ಲಿಯವರೆಗೆ ಕೇಂದ್ರದ ಹಾಸಿನ ಮೇಲೆ ಕೈ ಪಳಗಿಸಿದ್ದಾಯಿತು, ಈಗ ನನ್ನದೇ ಸೀರೆಯ ಹಾಸಿನ ಎಳೆಗಳಿಗೆ ಗಂಜಿ ಹಚ್ಚುವ ದಿನ ಬಂತು. ಅತ್ತೆಯನ್ನು ಹಿಟ್ಟು ಕೇಳಬೇಕಿತ್ತು. ಡಬ್ಬಿಯ ತಳ ಕಾಣುತ್ತಿತ್ತು. ಕೇಳದೆಯೇ ಮುಚ್ಚಳ ಹಾಕಿದೆ. ನಾನು ಉಣ್ಣದೆ ನನ್ನ ಪಾಲಿನ ಅಂಬಲಿಯನ್ನೇ ತಂಬಿಗೆಯಲ್ಲಿ ಎತ್ತಿಟ್ಟು, ನೀರು ಬೆರೆಸಿ, ಬಟ್ಟೆಯಲ್ಲಿ ಸೋಸಿ ಬೆಳಿಗ್ಗೆ ಒಯ್ದೆ. ಅದೂ ಜೋಳ, ಇದೂ ಜೋಳ ಎಂಬುದು ನನ್ನ ತರ್ಕ. ಅಂಬಲಿಯಲ್ಲಿ ಉಪ್ಪು, ಮಜ್ಜಿಗೆ ಇರುತ್ತದೆ ಎಂಬುದು ತಲೆಗೇ ಹೊಳೆಯಲಿಲ್ಲ.

ಓಣಿಯ ಉದ್ದಕ್ಕೂ ಗೂಟ ನೆಟ್ಟು ಹಾಸನ್ನು ಎಳೆದು ಕಟ್ಟಿ, ಕುಂಚದಿಂದ ಸವರುತ್ತ ಈ ತುದಿಯಿಂದ ಆ ತುದಿಗೆ ಹೋದೆ. ಹಿಂದಿನಿಂದ ಯಾರೋ ಕೂಗಿಕೊಂಡರು. ತಿರುಗಿ ನೋಡಿದರೆ ಆಡುಗಳು. ಮೇವಿಲ್ಲದೆ ಗೋಡೆಯ ಸುಣ್ಣ ನೆಕ್ಕಿಕೊಂಡು ತಿರುಗುತ್ತಿದ್ದ ಓಣಿಯ ಆಡುಗಳೆಲ್ಲ ಉಪ್ಪಿನ ವಾಸನೆಗೆ ಬಂದು, ಹಾಸಿನ ನಾನು ಬಿಟ್ಟುಬಂದ ತುದಿಯನ್ನು ನೆಕ್ಕಿ, ಜಗಿದು, ಎಳೆಯುತ್ತಿದ್ದವು. ನಾನು ಕುಂಚ ಬೀಸಿಕೊಂಡು ಓಡಿದೆ. ಒಂದು ಹೋತ ಬಾಯಲ್ಲಿ ಎಳೆಗಳನ್ನು ಕಚ್ಚಿಕೊಂಡೇ ನನ್ನನ್ನು ನೋಡುತ್ತ ನಿಂತಿತು. ಓಣಿಗೆ ಓಣಿಯೇ ಬಾಗಿಲಿಗೆ ಬಂದು ನಕ್ಕಿತು.

"ಬರ್ರಿ ಬರ್ರಿ, ಪದವಿ ಮಾಡಿದಾಕಿ ದಾಸೋಹ ಇಟ್ಟಾಳ!"

ಅಕ್ಕೋರು ಬಂದು ಎಳೆಯೊಂದನ್ನು ನಾಲಿಗೆಗೆ ಹಚ್ಚಿ ನೋಡಿದರು.

"ಉಪ್ಪು ಹಾಕೀಯೇನ?"

"ಅಂಬಲಿರಿ."

"ಮನೀದು? ನೀ ಉಣ್ಣೋದು?"

ತಲೆಯಾಡಿಸಿದೆ. ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. ಕೆಟ್ಟ ತುದಿಯನ್ನು ಕತ್ತರಿಸಿ ಹಾಕಿ, ಉಳಿದದ್ದನ್ನು ಮೊಳ ಹಾಕಿ ನೋಡಿದರು. "ಒಂದು ಸೀರಿಗಿ ಬರೋಬರ್ ಅದ. ಬೆರಳಿನಷ್ಟೂ ಹೆಚ್ಚಿಗಿ ಇಲ್ಲ. ಎಲ್ಲ್ಯರ ಕೆಡ್ತಂದ್ರ ಮತ್ತೊಂದು ಹಾಸು ನಾ ಎಲ್ಲಿಂದ ತರಲಿ? ಪ್ರಮಾಣಪತ್ರದ ಕಾಗದನೂ ಇಲ್ಲ, ತಿಳೀತಾ?"

ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅತ್ತೆ ಒಲೆಯ ಮುಂದಿನಿಂದ ಏಳಲಿಲ್ಲ. "ಊಟ ಆತೇನ ಆಡುಗೋಳದ್ದು?" ಎಂದು ಕೇಳಿ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಹಿಟ್ಟು ಕೇಳಾಕ ಏನಾಗಿತ್ತು ನಿನಗ? ಬಿ.ಎ. ಮಾಡಿದ ನಾಲಿಗಿ ಹಿಟ್ಟು ಅನ್ನಂಗಿಲ್ಲೇನು?" ಎಂದಳು. ಡಬ್ಬಿಯನ್ನು ಬೋರಲು ಹಾಕಿ, ತಟ್ಟಿ ತಟ್ಟಿ ಬಿದ್ದದ್ದನ್ನೆಲ್ಲ ನನ್ನ ಮುಂದೆ ಇಟ್ಟಳು. ತೆಗೆದುಕೊಳ್ಳಲು ನಾನು ಕೈ ಚಾಚಿದೆ. ಚಾಚಿದ ನನ್ನ ಕೈಯನ್ನೇ ನೋಡಲು ನನಗೆ ಆಗಲಿಲ್ಲ.

ಮರುದಿನ ಆ ಹಿಟ್ಟಿನಿಂದ ಉಪ್ಪಿಲ್ಲದ ಗಂಜಿ ಕಾಸಿ ಹಚ್ಚಿ, ಹಾಸನ್ನು ಮಗ್ಗಕ್ಕೆ ಏರಿಸಿದೆ. ಅಂದಿನಿಂದ ಕೊಡವನ್ನು ಅತ್ತೆಯೇ ಹೊತ್ತು ತರತೊಡಗಿದಳು. ಬೇಡ ಎಂದೆ. "ನೀ ಹೊತ್ತರ ಅರ್ಧ ಓಣಿಗೇ ಕುಡಸ್ತಿ" ಎಂದಳು. ಕುಣಿಯಲ್ಲಿ ಕುಳಿತವರಿಗೆ ಬಾಗಿಲಲ್ಲಿ ಕಾಣುವುದು ಕಾಲುಗಳು ಮಾತ್ರ. ಅತ್ತೆಯ ಒಡೆದ ಹಿಮ್ಮಡಿಗಳು ಹೊಸ್ತಿಲ ಮುಂದೆ ನಿಲ್ಲುತ್ತಿದ್ದವು, ಪಕ್ಕದಲ್ಲಿ ಬೇರೆ ಕಾಲುಗಳೂ ಬಂದು ನಿಲ್ಲುತ್ತಿದ್ದವು.

"ಏನವಾ, ನಿನಗೂ ಹುಚ್ಚು ಹಿಡೀತೇನ? ಸೊಸಿ ಸಂಗಾಟ ಕುಣ್ಯಾಗ ನೀರು ಸುರೂತೀ?"

"ಸುರೂತೀನಿ. ನನ್ನ ಪಾಲಿಂದು ಸುರೂತೀನಿ. ಎರಡು ದಿನ ಜಳಕ ಬಿಟ್ರ ನಾ ಸಾಯಂಗಿಲ್ಲ. ವಾಸನಿ ಬಂದ್ರ ದೂರ ನಿಲ್ಲು."

ಒಳಗೆ ನಾನು ಲಾಳಿ ಎಸೆಯುವುದನ್ನು ನಿಲ್ಲಿಸಿ, ಕೇಳಿಸಲಿಲ್ಲ ಎನ್ನುವಂತೆ ಎಳೆಗಳನ್ನು ತಡವುತ್ತ ಕೂತಿರುತ್ತಿದ್ದೆ. ಹೊರಗೆ ಬಂದು ಅವಳ ಪಕ್ಕ ನಿಲ್ಲಬೇಕಿತ್ತು. ಕುಣಿಯಿಂದ ಏಳಲು ಎಷ್ಟು ಹೊತ್ತು ಬೇಕು?

ಕೊನೆಯ ಮೊಳ ಬಂದಾಗ ಹಾಸು ಬಿಗಿದು, ಲಾಳಿ ನುಸುಳಲು ಜಾಗವೇ ಇರಲಿಲ್ಲ. ಬೆರಳಿನಿಂದ ಒಂದೊಂದೇ ಎಳೆ ದಾಟಿಸಿದೆ. ಸೀರೆ ಇಳಿಯಿತು. ಅಕ್ಕೋರು ಅಳೆದರು, ಮತ್ತೊಮ್ಮೆ ಅಳೆದರು, "ಆತು" ಎಂದರು. ಸೆರಗಿನ ಹಳದಿಯನ್ನು ಸ್ವಲ್ಪ ಹೊತ್ತು ನೋಡಿ, ಮಡಚಿಟ್ಟರು.

ಪ್ರಮಾಣಪತ್ರ ಕೊಡುವ ದಿನ ಓಣಿಯ ಹೆಂಗಸರೂ ಬಂದಿದ್ದರು. ಮೇಜಿನ ಮೇಲಿನ ಸೀರೆಯನ್ನು ಮುಟ್ಟಿ ನೋಡಿ, ಚಲೋ ಅದ, ಖರೇನೇ ಚಲೋ ಅದ ಎಂದರು. ಅವರ ಮುಖ ನೋಡಲು ನನಗೆ ಇನ್ನೂ ಕಷ್ಟವಾಗುತ್ತಿತ್ತು. ನನ್ನ ಸರದಿ ಬಂತು. ಕಾಗದವನ್ನು ಕೈಗಿಡುತ್ತ ಅಕ್ಕೋರು, "ಇನ್ನ ಔರಾದದಾಗ ನೀ ಕಲಸ್ಬೇಕು, ಹದಿನೈದು ಹೆಣ್ಮಕ್ಕಳು ಬರ್ತಾರ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ನೇರ ಅತ್ತೆಯ ಬಳಿ ಹೋಗಿ ಅದನ್ನು ಅವಳ ಕೈಯಲ್ಲಿಟ್ಟೆ. ಅವಳು ಸೆರಗಿಗೆ ಬೆರಳು ಒರೆಸಿಕೊಂಡು, ಅಂಚು ಹಿಡಿದು, ಮೇಲಿಂದ ಕೆಳಗೆ ನೋಡಿ, ನನಗೇ ಹಿಂದಕ್ಕೆ ಕೊಟ್ಟಳು.

"ಇದು ಇರಲಿ. ಔರಾದದಾಗ ಬಾವ್ಯಾಗ ನೀರು ಅದಾವೇನು, ಮೊದಲ ಅದನ್ನ ಕೇಳಿ ಬಾ" ಎಂದಳು.