ಸಿಐಡಿ ಮಾವನ ಬಲೆ ಕತ್ತರಿಸಿದ್ದು ಯಾರು

ದೊಡ್ಡಮಾವನಿಗೆ ಬೀದಿಯವರು ಇಟ್ಟ ಹೆಸರು ಸಿಐಡಿ. ಹಾಲು ನೀರಾಗಿದ್ದರೆ ಹಸುವನ್ನೂ ವಿಚಾರಣೆಗೆ ಎಳೆದು ತರುವ ಆಸಾಮಿ ಎಂದು ಅಮ್ಮನೇ ತನ್ನ ಅಣ್ಣನನ್ನು ಆಡಿಕೊಳ್ಳುತ್ತಿದ್ದಳು. ಅಂಗಡಿಯವನು ನಕ್ಕರೆ ತೂಕದಲ್ಲಿ ಮೋಸ, ನಗದಿದ್ದರೆ ಇನ್ನೂ ದೊಡ್ಡ ಮೋಸ. ಅತ್ತೆ ಚಹಾಕ್ಕೆ ಸಕ್ಕರೆ ಸ್ವಲ್ಪ ಜಾಸ್ತಿ ಹಾಕಿದರೂ, ಇವಳಿಗೆ ಏನೋ ಬೇಕಾಗಿದೆ ಎಂದು ಲೋಟದ ಮೇಲಿಂದ ಅವಳನ್ನೇ ದಿಟ್ಟಿಸುತ್ತಿದ್ದರು. ಅತ್ತೆಗೂ ರೂಢಿಯಾಗಿಹೋಗಿತ್ತು. ತಾನು ಕುಡಿದು ತೋರಿಸಿ ಆಮೇಲೆ ಕೊಡಲೇ ಎಂದು ಕೇಳಿ ನಗುತ್ತಿದ್ದಳು.

ಮೊಣಕಾಲು ಕೈಕೊಟ್ಟ ಮೇಲೆ ದೊಡ್ಡಮಾವ ಸಮುದ್ರಕ್ಕೆ ಹೋಗುವುದನ್ನು ಬಿಟ್ಟರು. ಮರದ ದೋಣಿ ಅವರದು, ಅಜ್ಜ ಬಿಟ್ಟುಹೋದದ್ದು. ಎಂಜಿನ್ ಅವರ ತಮ್ಮನದು, ಎಂದರೆ ಚಿಕ್ಕಮಾವನದು. ಬಲೆ ಇಬ್ಬರದೂ ಬೇರೆ ಬೇರೆ. ಸಂಜೆ ಚಿಕ್ಕಮಾವ ಎರಡೂ ಬಲೆಗಳನ್ನು ಸಮುದ್ರದಲ್ಲಿ ಬಿಟ್ಟು ಬಂದು, ಬೆಳಗಾಗುತ್ತಲೇ ಹೋಗಿ ಎಳೆದು ತರುತ್ತಿದ್ದರು. ಯಾರ ಬಲೆಗೆ ಬಿದ್ದ ಮೀನು ಅವರಿಗೆ.

ಹಗಲೆಲ್ಲ ದೊಡ್ಡಮಾವ ದಡದ ಚಪ್ಪರದಲ್ಲಿ ಬಲೆಯ ಅಂಚನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಹರಿದ ಕಣ್ಣುಗಳನ್ನು ಹೊಲಿಯುತ್ತಿದ್ದರು. ಚಿಕ್ಕಮಾವನ ಬಲೆ ಅದೇ ಚಪ್ಪರದ ಮೂಲೆಯಲ್ಲಿ ಗೋಣಿಚೀಲದೊಳಗೆ ಕಟ್ಟಿಟ್ಟಿರುತ್ತಿತ್ತು. ಇನ್ನೊಬ್ಬರು ಕಟ್ಟಿಟ್ಟ ಬಲೆಚೀಲವನ್ನು ಬಿಚ್ಚುವುದು ನಮ್ಮಲ್ಲಿ ಅವರ ಪೆಟ್ಟಿಗೆಗೆ ಕೈಹಾಕಿದಷ್ಟೇ ತಪ್ಪು, ಒಡಹುಟ್ಟಿದವರಾದರೂ ಸರಿ. ತನ್ನ ಬಲೆ ಹರಿದಿದ್ದರೆ ಚಿಕ್ಕಮಾವ ಸಂಜೆ ದೋಣಿಯಲ್ಲೇ ಕೂತು, ನೀರಿಗೆ ಬಿಡುವ ಮುಂಚೆ ಹೇಗೋ ಹೊಲಿದುಕೊಳ್ಳುತ್ತಿದ್ದರು. ಅದಕ್ಕೆ ಅವರು ಬಳಸುತ್ತಿದ್ದುದು ಕಿತ್ತಳೆ ಬಣ್ಣದ ದಾರ. ಅಂಗಡಿಯಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ ಉಂಡೆಯನ್ನು ಅವರೊಬ್ಬರೇ ತಂದಿದ್ದರು. ಮೀನುಗಳಿಗೆ ಹಬ್ಬದ ಬಟ್ಟೆ ಹೊಲಿಸ್ತಿದ್ದೀಯಾ ಎಂದು ದಡದವರೆಲ್ಲ ರೇಗಿಸುತ್ತಿದ್ದರು.

ಹರುಕು ನೋಡಿಯೇ ಬಲೆ ಹರಿದದ್ದು ಯಾವುದರಿಂದ ಎಂದು ಹೇಳಬಲ್ಲೆ ಎಂಬುದು ದೊಡ್ಡಮಾವನ ಹೆಮ್ಮೆ. ಬಂಡೆಗೆ ಸಿಕ್ಕಿದರೆ ದಾರ ಜಗ್ಗಿ ತುದಿ ನಾರುನಾರಾಗುತ್ತದೆ. ಏಡಿ ಸಿಕ್ಕಿಕೊಂಡರೆ ಎಲ್ಲ ಗೋಜಲಾಗುತ್ತದೆ. ಆದರೆ ಆ ವರ್ಷ ಅವರ ಬಲೆಯಲ್ಲಿ ಬೀಳತೊಡಗಿದ್ದು ಅಂಗೈಯಗಲದ ದುಂಡನೆಯ ತೂತುಗಳು. ತುದಿಗಳು ನುಣ್ಣಗೆ, ಅಳತೆ ಇಟ್ಟು ಕತ್ತರಿಸಿದ ಹಾಗೆ. ಇಂದು ಹೊಲಿದರೆ ನಾಳೆ ಪಕ್ಕದಲ್ಲೇ ಇನ್ನೊಂದು. ದೊಡ್ಡಮಾವ ಒಂದೊಂದು ತುದಿಯನ್ನೂ ಉಗುರಿನಿಂದ ಸವರಿ ನೋಡಿದರು. ಇದು ಚಾಕುವಿನದೇ ಕೆಲಸ ಎಂದು ಅತ್ತೆಗೆ ಹೇಳಿದರು. ಸಮುದ್ರದಲ್ಲಿ ಬಲೆಯ ಜೊತೆ ಇರುವವನು ಒಬ್ಬನೇ. ಕೂತು ತಿನ್ನುವ ಅಣ್ಣನಿಗಾಗಿ ಬಲೆ ಎಳೆದೆಳೆದು ಅವನಿಗೆ ಸಾಕಾಗಿರಬೇಕು, ಬೇಸತ್ತು ಅಣ್ಣನೇ ದೋಣಿ ಮಾರಲಿ ಎಂದು ಕಾಯುತ್ತಿರಬೇಕು ಎಂದು ಲೆಕ್ಕ ಹಾಕಿದರು. ಆಮೇಲೆ ಕಂಡದ್ದೆಲ್ಲ ಆ ಲೆಕ್ಕಕ್ಕೇ ಸೇರುತ್ತ ಹೋಯಿತು. ಚಿಕ್ಕಮಾವ ಬೇಗ ಬಂದರೆ ತಪ್ಪು, ತಡವಾಗಿ ಬಂದರೂ ತಪ್ಪು. ಇತ್ತೀಚೆಗೆ ಅವರು ಮಾತು ಕಡಿಮೆ ಮಾಡಿದ್ದಂತೂ ದೊಡ್ಡ ಸಾಕ್ಷಿಯೇ ಆಯಿತು.

ಒಂದು ಬೆಳಿಗ್ಗೆ ಎಲ್ಲರೂ ಬುಟ್ಟಿ ಇಳಿಸುತ್ತಿದ್ದಾಗ ದೊಡ್ಡಮಾವ ಕುಂಟುತ್ತ ಹೋಗಿ ತಮ್ಮನ ಎದುರು ನಿಂತರು.

"ಚಾಕು ಎಲ್ಲಿಟ್ಟಿದ್ದೀಯಾ, ತೋರಿಸು."

ಚಿಕ್ಕಮಾವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮುಖ ಕಪ್ಪಿಟ್ಟಿತು. ಬುಟ್ಟಿ ಕೆಳಗಿಟ್ಟು, ಎಂಜಿನ್ ಬಿಚ್ಚಿ ಹೆಗಲಿಗೇರಿಸಿಕೊಂಡು, ಒಂದು ಮಾತೂ ಆಡದೆ ಹೊರಟುಹೋದರು. ತಪ್ಪಿಲ್ಲದವನು ಹೀಗೆ ಸುಮ್ಮನೆ ಹೋಗುತ್ತಾನೆಯೇ ಎಂದು ದೊಡ್ಡಮಾವ ಸುತ್ತಲಿದ್ದವರನ್ನೆಲ್ಲ ಕೇಳಿದರು. ನನಗೆ ಅವತ್ತು ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಚಿಕ್ಕಮಾವ ತನ್ನ ಬಲೆಯನ್ನು ಮನೆಗೆ ಒಯ್ದಿಟ್ಟುಕೊಂಡು, ಗೆಳೆಯನ ದೋಣಿಗೆ ಎಂಜಿನ್ ಹಾಕಿಕೊಂಡು ಹೋಗತೊಡಗಿದರು. ಅಜ್ಜನ ದೋಣಿ ಮರಳ ಮೇಲೆ ಬಿಸಿಲಿಗೆ ಬಿದ್ದಿತು. ಮರದ ದೋಣಿ ನೀರಿನಲ್ಲಿದ್ದರೆ ಬಾಳುತ್ತದೆ, ಒಣಗಿದರೆ ಹಲಗೆಗಳ ನಡುವೆ ಬಿರುಕು ಬಿಡುತ್ತದೆ. ದಿನ ಕಳೆದಂತೆ ಬಿರುಕುಗಳು ದೂರದಿಂದಲೇ ಕಾಣತೊಡಗಿದವು. ಅಮ್ಮ ಇಬ್ಬರು ಅಣ್ಣಂದಿರ ಮನೆಗೂ ಹೋಗಿ ಬರುತ್ತಿದ್ದಳು. ಒಂದು ಮನೆಯಲ್ಲಿ ಕೇಳಿದ್ದನ್ನು ಇನ್ನೊಂದರಲ್ಲಿ ಆಡದೆ ಎಲ್ಲವನ್ನೂ ಹೊಟ್ಟೆಯಲ್ಲಿ ಹಾಕಿಕೊಂಡಳು. ಇನ್ನೊಂದು ತಿಂಗಳು ಹೀಗೇ ಬಿಟ್ಟರೆ ದೋಣಿ ಸೌದೆಗಷ್ಟೇ ಎಂದು ಬಡಗಿ ಹೇಳಿಹೋದ ದಿನ ಮಾತ್ರ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

ವಾರಕ್ಕೊಮ್ಮೆ ಮೀನು ಸಂಶೋಧನಾ ಕೇಂದ್ರದಿಂದ ದಡಕ್ಕೆ ಮೀನು ಅಳೆಯುವ ಮೇಡಂ ಬರುತ್ತಿದ್ದರು. ಮೀನಿನ ಉದ್ದ ಅಳೆದು, ಹೊಟ್ಟೆ ಸೀಳಿ, ಮೊಟ್ಟೆ ಇದೆಯೇ, ಏನು ತಿಂದಿದೆ ಎಂದು ನೋಡುವುದು ಅವರ ಕೆಲಸ. ದೊಡ್ಡಮಾವನಿಗೆ ಅವರ ಮೇಲೂ ಗುಮಾನಿ. ಹೊಟ್ಟೆ ನೋಡುವ ನೆಪದಲ್ಲಿ ನಾವು ಮೀನು ಹಿಡಿಯುವ ಜಾಗ ಪತ್ತೆ ಮಾಡುತ್ತಾಳೆ ಎಂದು, ಕತ್ತರಿ ಎಲ್ಲೆಲ್ಲಿ ಓಡುತ್ತದೆ ಎಂಬುದನ್ನು ನೋಡಲು ಎದುರಿಗೇ ಕುಕ್ಕರಿಸುತ್ತಿದ್ದರು. ಒಂದು ದಿನ ಮೇಡಂ ಎತ್ತಿಕೊಂಡದ್ದು ಚಿಕ್ಕಮಾವ ಬಲೆಯಿಂದ ಬಿಡಿಸಿ ಎಸೆದಿದ್ದ ಒಂದು ಉಬ್ಬುಮೀನು. ಮುಟ್ಟಿದರೆ ಹೊಟ್ಟೆ ಉಬ್ಬಿಸಿಕೊಳ್ಳುವ, ವಿಷವೆಂದು ಯಾರೂ ತಿನ್ನದ ಮೀನು. ಹಿಂದೆ ಎಲ್ಲೋ ಅಪರೂಪಕ್ಕೆ ಒಂದು ಸಿಕ್ಕುತ್ತಿತ್ತು. ಆ ವರ್ಷ ಹಿಂಡುಹಿಂಡಾಗಿ ಬಂದಿದ್ದವು. ನಾವು ಕಾಲಿನಿಂದ ಒದ್ದು ಮುಂದೆ ಹೋಗುತ್ತಿದ್ದೆವು.

ಮೇಡಂ ಹೊಟ್ಟೆ ಸೀಳಿದರು. ಒಳಗೆ ಅರೆಬರೆ ಕರಗಿದ ಸಣ್ಣ ಮೀನಿನ ಜೊತೆ ದಾರದ ತುಂಡುಗಳಿದ್ದವು. ಕಿತ್ತಳೆ ಬಣ್ಣದ ದಾರ.

ದೊಡ್ಡಮಾವ ಕೈಚಾಚಿ ಆ ಮೀನನ್ನು ಕೇಳಿ ಇಸಿದುಕೊಂಡರು. ಬಾಯಿ ಅಗಲಿಸಿ ನೋಡಿದರು. ಮೇಲೆ ಎರಡು, ಕೆಳಗೆ ಎರಡು ಹಲ್ಲು, ಗಿಳಿಯ ಕೊಕ್ಕಿನ ಹಾಗೆ ಕೂಡಿಕೊಂಡಿದ್ದವು. ಬಲೆಗೆ ಬಿದ್ದ ಮೀನನ್ನು ಇದು ಬಲೆಯ ಸಮೇತ ಕಚ್ಚಿ ತಿನ್ನುತ್ತದೆ ಎಂದು ಮೇಡಂ ಹೇಳುತ್ತಿದ್ದರು. ದೊಡ್ಡಮಾವ ಕೇಳಿಸಿಕೊಂಡಂತೆ ಕಾಣಲಿಲ್ಲ. ಜೇಬಿನಿಂದ ತಮ್ಮದೇ ಹಸಿರು ದಾರ ತೆಗೆದು, ಆ ಸತ್ತ ಮೀನಿನ ಹಲ್ಲುಗಳ ನಡುವೆ ಇಟ್ಟು, ದವಡೆಯನ್ನು ಎರಡೂ ಹೆಬ್ಬೆರಳುಗಳಿಂದ ಒತ್ತಿದರು. ದಾರ ತುಂಡಾಯಿತು. ತುದಿಯನ್ನು ಉಗುರಿನಿಂದ ಸವರಿದರು. ನುಣ್ಣಗಿತ್ತು.

ಅವರು ಎದ್ದು ಸೀದಾ ತಮ್ಮನ ಮನೆಗೆ ನಡೆದರು. ಮತ್ತೆ ಜಗಳವಾದೀತೆಂದು ಅಮ್ಮ, ಅವಳ ಹಿಂದೆ ನಾನು. ಚಿಕ್ಕಮಾವ ಹಿತ್ತಲಲ್ಲಿ ಬಲೆ ಹರಡಿಕೊಂಡು ಕೂತಿದ್ದರು. ಬಲೆಯ ತುಂಬ ಕಿತ್ತಳೆ ತೇಪೆ, ಬಿಳಿ ಬಲೆ ಎಂದು ಗುರುತು ಸಿಗದಷ್ಟು. ದೊಡ್ಡಮಾವ ನಿಂತೇ ಅದನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

"ನಿನ್ನದೂ ಇಷ್ಟು ಹರಿದಿತ್ತಾ? ಯಾಕೋ ಹೇಳಲಿಲ್ಲ?"

ಚಿಕ್ಕಮಾವ ತಲೆಯೆತ್ತದೆ ಗಂಟು ಬಿಗಿದರು.

"ದಡದಲ್ಲಿ ಬಲೆ ಜೊತೆ ದಿನವೆಲ್ಲ ಇರೋನು ನೀನು, ಸಮುದ್ರದಲ್ಲಿ ಇರೋನು ನಾನು. ನಿನಗೆ ನಾನು ಕಂಡೆ, ನನಗೆ ನೀನು ಕಂಡೆ, ಅಷ್ಟೇ."

"ನನ್ನ ಮೇಲೆ ಅನುಮಾನ ಇತ್ತಾ ನಿನಗೆ?"

"ಇತ್ತು. ಕೇಳಿದ್ರೆ ನೀನು ಅಲ್ಲ ಅಂತಿದ್ದೆ, ನಾನು ನಂಬ್ತಿರಲಿಲ್ಲ. ಆಮೇಲೆ ಅಣ್ಣ ಅಂತ ಹೆಂಗೆ ಕರೀಲಿ? ಅದಕ್ಕೇ ಸುಮ್ಮನೆ ಹೊಲ್ಕೊಂಡೆ. ಬಲೆ ಮನೆಗೆ ತಂದ ಮೇಲೂ ಹರೀತು, ನೀನಲ್ಲ ಅಂತ ಗೊತ್ತಾಗೋ ಹೊತ್ತಿಗೆ ನೀನು ಚಾಕು ಕೇಳಿ ಆಗಿತ್ತು."

ದೊಡ್ಡಮಾವನ ಮುಖ ನೋಡಲಾಗಲಿಲ್ಲ. ಅಷ್ಟು ವರ್ಷ ಊರನ್ನೆಲ್ಲ ಅನುಮಾನಿಸಿದ ಮನುಷ್ಯನಿಗೆ, ತನ್ನನ್ನೂ ಒಬ್ಬ ಅನುಮಾನಿಸಿದ್ದ, ಅದನ್ನು ಅವನು ನುಂಗಿಕೊಂಡಿದ್ದ ಎನ್ನುವುದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಕೆಟ್ಟ ಮೊಣಕಾಲು ನೀಡಿಕೊಂಡು ಕೂತರು. ಬಲೆಯ ಅಂಚನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಸೂಜಿಗಾಗಿ ಕೈಚಾಚಿದರು. ಚಿಕ್ಕಮಾವ ಸ್ವಲ್ಪ ತಡೆದು, ಕೊಟ್ಟರು.

ಮಾರನೆಯ ದಿನ ಚಿಕ್ಕಮಾವ ಎಂಜಿನ್ ತರಲಿಲ್ಲ. ಮೊದಲು ದೋಣಿ ನೀರು ಕುಡಿದು ಉಬ್ಬಲಿ ಎಂದರು. ಎಲ್ಲರೂ ಸೇರಿ ಅದನ್ನು ಮೊಣಕಾಲುದ್ದ ನೀರಿಗೆ ನೂಕಿದೆವು. ಬಿರುಕುಗಳಿಂದ ನೀರು ಜಿನುಗಿ ಒಳಗೆ ತುಂಬಿತು. ದೊಡ್ಡಮಾವ ಒಳಗೆ ಕೂತು ಒಂದು ಬಿರುಕನ್ನು ಉಗುರಿನಿಂದ ಸವರಿದರು, ಹುಬ್ಬು ಗಂಟಿಕ್ಕಿದರು.

"ಇದು ಬಿಸಿಲಿಗೆ ಬಿಟ್ಟ ಬಿರುಕಲ್ಲ. ಯಾರೋ..."

ಚಿಕ್ಕಮಾವ ತಲೆಯೆತ್ತಿ ನೋಡಿದರು. ದೊಡ್ಡಮಾವ ಬಾಯಿ ಮುಚ್ಚಿಕೊಂಡರು. ಪಕ್ಕದಲ್ಲಿದ್ದ ಡಬ್ಬಿ ಎತ್ತಿಕೊಂಡು ನೀರು ತೋಡಿ ಹೊರಗೆ ಚೆಲ್ಲತೊಡಗಿದರು.