ಆಯಿಯ ಬ್ಯಾಗಿಗೆ ಹೆಗಲಪಟ್ಟಿ

ಸೋಲಾಪುರದಲ್ಲಿ ನನ್ನದು ಬ್ಯಾಗು ರಿಪೇರಿ ಅಂಗಡಿ. ಒಮ್ಮೆ ವ್ಯಾಪಾರಸ್ಥರ ಮನೆಯ ಅಜ್ಜಿಯೊಬ್ಬರು ಮೊಮ್ಮಗಳ ಜೊತೆ ಬಂದು, ಗಂಡ ಎಂದೋ ವಿದೇಶದಿಂದ ತಂದುಕೊಟ್ಟಿದ್ದ ಚರ್ಮದ ಬ್ಯಾಗನ್ನು ಮುಂದಿಟ್ಟರು. ಅದಕ್ಕಿದ್ದದ್ದು ಗಿಡ್ಡ ಹಿಡಿಕೆ ಮಾತ್ರ.

"ತೂತು ಹೊಡದು ಹೆಗಲಿಗೆ ಹಾಕೋ ಪಟ್ಟಾ ಹಚ್ಚಿಕೊಡ್ರಿ. ಅಕ್ಕಲಕೋಟದ ಗುಡಿಗೆ ಹೊಂಟೀನಿ. ಸ್ವಾಮಿಗೆ ಎರಡೂ ಕೈ ಮುಗೀಬೇಕಲ್ರಿ?"

ಅಂಥ ಚರ್ಮಕ್ಕೆ ತೂತು ಹೊಡೆಯಲು ಒಪ್ಪದೆ ಬ್ಯಾಗನ್ನು ಅವರತ್ತ ಸರಿಸಿದೆ. "ಬ್ಯಾಡ್ರಿ ಆಯಿ, ಕೆಟ್ಟರ ಮತ್ತ ಸರಿ ಮಾಡಾಕ ಬರೂದಿಲ್ಲ," ಅಂದೆ.

ಆಗ ಮೊಮ್ಮಗಳು ತನ್ನ ಹೆಗಲಿನ ಬ್ಯಾಗು ತೆಗೆದು ಆಯಿಯ ಬ್ಯಾಗಿನ ಪಕ್ಕಕ್ಕಿಟ್ಟಳು. ಅದೇ ಕಂಪನಿಯ ಹೊಸದು. ಅದೇ ಆಕಾರ, ಅರ್ಧದಷ್ಟು ಗಾತ್ರ. ಅದರ ಉದ್ದ ಪಟ್ಟಿ ಹಿಡಿಕೆಯ ಬುಡದ ಹಿತ್ತಾಳೆ ಬಳೆಗಳಿಗೇ ಕೊಕ್ಕೆಯಿಂದ ಸಿಕ್ಕಿಕೊಂಡಿತ್ತು. ಆಯಿಯ ಬ್ಯಾಗಿನ ಹಿಡಿಕೆಗೂ ಅಂಥವೇ ಬಳೆಗಳಿದ್ದವು; ಆ ಪಟ್ಟಿ ಬಿಚ್ಚಿ ಅವಕ್ಕೆ ಹಾಕಿದೆ. ಟಕ್ಕನೆ ಕೂತಿತು! ಇಷ್ಟು ವರ್ಷದಲ್ಲಿ ಕಂಪನಿ ಬ್ಯಾಗನ್ನು ಸಣ್ಣದು ಮಾಡಿತ್ತು, ಹೆಗಲಿಗೇರಿಸಿತ್ತು, ಆದರೆ ಆ ಬಳೆಯ ಅಳತೆಯನ್ನು ಮಾತ್ರ ಬದಲಿಸಿರಲಿಲ್ಲ.

"ಹಂಗಾರ ಈ ಪಟ್ಟಾ ನನಗಿರಲಿ," ಅಂದರು ಆಯಿ. ಮೊಮ್ಮಗಳು ನಗುತ್ತ ತನ್ನ ಬ್ಯಾಗನ್ನು ಕೈಯಲ್ಲಿ ಹಿಡಿದುಕೊಂಡಳು.

"ನಿಮ್ಮ ಕೈ ಭಾಳ ಚಲೋ ಅದರಿ," ಎಂದು ಹೊಗಳಿ ಆಯಿ ಮೆಟ್ಟಿಲಿಳಿದರು. ಒಂದು ಹೊಲಿಗೆಯನ್ನೂ ಹಾಕದ ನಾನು ಇಲ್ಲ ಅನ್ನಲಿಲ್ಲ.