ಬಲಭುಜದ ಹೂವು

ನೀರಲ್ಲಿ ಅದ್ದಿದ ಕಣಗಿಲೆ ಹೂವಿನ ಹಸಿ ವಾಸನೆ ಮೂಗಿಗೆ ತಾಗಿದರೆ ಈಗಲೂ ನನಗೆ ಉಸಿರು ಕಟ್ಟಿದಂತಾಗುತ್ತದೆ. ತುಮಕೂರಿನ ಈ ಬಾಡಿಗೆ ಮನೆಯ ದೇವರ ಗೂಡಿನ ಪಕ್ಕ ಕಿಟಕಿ ಇದೆ, ಬೇಕಾದಷ್ಟು ಗಾಳಿ ಬರುತ್ತದೆ. ಆದರೂ ನಾನು ಒಮ್ಮೆ ತಿರುಗಿ ಬಾಗಿಲು ತೆರೆದಿದೆಯೇ ಎಂದು ನೋಡಿಕೊಳ್ಳುತ್ತೇನೆ. ಗುಬ್ಬಿಯ ನಮ್ಮ ಹಳೆಯ ಮನೆಯ ದೇವರ ಕೋಣೆಗೆ ಕಿಟಕಿ ಇರಲಿಲ್ಲ. ಲೋಬಾನದ ಹೊಗೆ, ಎಣ್ಣೆಯ ಜಿಡ್ಡು, ವಿಭೂತಿ, ಮೈಗಳ ಬೆವರು ಎಲ್ಲ ಸೇರಿದ ಆ ಕತ್ತಲೆಯಲ್ಲಿ ಮೊಳದುದ್ದದ ಕಪ್ಪು ಕಲ್ಲಿನ ವೀರಭದ್ರ ನಿಂತಿದ್ದ. ರಸ್ತೆ ಅಗಲ ಮಾಡುವಾಗ ಮನೆ ರಸ್ತೆಯ ಪಾಲಾಯಿತು. ಕಲ್ಲು ಮಾತ್ರ ನನ್ನ ಪಾಲಿಗೆ ಬಂತು.

ನಮ್ಮಲ್ಲಿ ಯಾವ ದೊಡ್ಡ ಕೆಲಸಕ್ಕೂ ಮೊದಲು ಹೂ ಕೇಳಬೇಕಿತ್ತು. ಬಾವಿ ತೋಡಲಿ, ಮದುವೆ ಮಾಡಲಿ, ಯಾರಾದರೂ ಪರಸ್ಥಳಕ್ಕೆ ಹೊರಡಲಿ, ಅಜ್ಜಿ ಮಡಿಯುಟ್ಟು ದೇವರ ಎರಡೂ ಭುಜಕ್ಕೆ ಒಂದೊಂದು ಕಣಗಿಲೆ ಎಸಳನ್ನು ನೀರಲ್ಲಿ ಅದ್ದಿ ಅಂಟಿಸುತ್ತಿದ್ದಳು. ಬಲಭುಜದ್ದು ಮೊದಲು ಬಿದ್ದರೆ ಆಗಲಿ, ಎಡಭುಜದ್ದು ಬಿದ್ದರೆ ಬೇಡ. ಬೀಳುವ ತನಕ ಕೋಣೆಯ ಅಗುಳಿ ತೆಗೆಯುವಂತಿಲ್ಲ, ಮನೆಮಂದಿಯೆಲ್ಲ ಒಳಗೇ ಕೂತು ಪ್ರಾರ್ಥಿಸಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ನಮ್ಮ ಮನೆಗೆ ಅಜ್ಜಿಯೇ ಪೂಜಾರಿ, ಹಾಗಾಗಿ ಯಾರೂ ಎದುರಾಡುತ್ತಿರಲಿಲ್ಲ.

ಗಿರಿಜತ್ತೆ ನನ್ನ ಅಪ್ಪನ ತಂಗಿ. ನನ್ನ ತಲೆ ಬಾಚಿ, ಹೋಂವರ್ಕ್ ಮಾಡಿಸಿ, ಬಯ್ಯುವಾಗಲೂ ನಗುತ್ತಿದ್ದವಳು. ಅವಳಿಗೆ ತುಮಕೂರಿನಲ್ಲಿ ನರ್ಸ್ ಟ್ರೈನಿಂಗಿಗೆ ಸೀಟು ಸಿಕ್ಕಿತ್ತು. ಅದೇ ವಾರ ಕುಣಿಗಲ್ ಕಡೆಯಿಂದ, ಹುತ್ರಿದುರ್ಗದ ಬುಡದ ಊರಿನಿಂದ, ಗಂಡಿನವರು ಬಂದು ಒಪ್ಪಿಕೊಂಡು ಹೋದರು. ಸೊಸೆ ಹೊರಗೆ ದುಡಿಯುವುದು ಅವರಿಗೆ ಬೇಡವಾಗಿತ್ತು. ಅತ್ತೆ ಅಡುಗೆಮನೆಯಲ್ಲಿ ಅತ್ತಳು. ಕೊನೆಗೆ ಅಜ್ಜಿ, ಹೂ ಕೇಳೋಣ, ಎಡಕ್ಕೆ ಬಿದ್ದರೆ ನೀನು ತುಮಕೂರಿಗೆ ಹೋಗು, ನಾನೇ ಬಸ್ಸು ಹತ್ತಿಸುತ್ತೇನೆ ಎಂದು ಮಾತು ಕೊಟ್ಟಳು. ಅಜ್ಜಿ ಮಾತಿಗೆ ತಪ್ಪುವವಳಲ್ಲ.

ಅಂದು ಅಜ್ಜಿಯ ಬೆರಳಿಗೆ ಈಳಿಗೆಮಣೆ ತಾಗಿ ಬಟ್ಟೆ ಸುತ್ತಿತ್ತು. ಹಾಗಾಗಿ ಎಸಳು ಅಂಟಿಸಲು ಅತ್ತೆಗೇ ಹೇಳಿದಳು. ಅಗುಳಿ ಬಿತ್ತು. ಹೊರಗೆ ಸುಡುಬಿಸಿಲು, ಒಳಗೆ ಹೊಗೆ. ನನ್ನ ಕಾಲು ಜೋಮು ಹಿಡಿದಿತ್ತು. ಎಲ್ಲರೂ ಕಣ್ಣು ಮುಚ್ಚಿದ್ದರು, ಅತ್ತೆಯೊಬ್ಬಳು ರೆಪ್ಪೆ ಮಿಟುಕಿಸದೆ ದೇವರ ಎಡಭುಜವನ್ನೇ ನೋಡುತ್ತಿದ್ದಳು. ಆಗ ಬಲಭುಜದ ಎಸಳು ಮೆಲ್ಲಗೆ ಜಾರಿ ಪೀಠದ ಮೇಲೆ ಬಿತ್ತು. ಅಜ್ಜಿ ಅಗುಳಿ ತೆಗೆದಳು. ನಾವೆಲ್ಲ ಹೊರಗೆ ಓಡಿದೆವು, ಅತ್ತೆ ಏಳಲಿಲ್ಲ.

ಗಂಡನ ಮನೆಯವರು ಕೆಟ್ಟವರೇನಲ್ಲ. ಹೊಟ್ಟೆ ತುಂಬ ಊಟ, ಮೈತುಂಬ ಬಟ್ಟೆ ಇತ್ತು. ಹೊಸಲು ದಾಟಲು ಮಾತ್ರ ನಾಲ್ಕು ಜನರನ್ನು ಕೇಳಬೇಕಿತ್ತು. ರಜೆಗೆ ಹೋದಾಗ ನಾನು, ನರ್ಸ್ ಓದಲು ಕಳಿಸಿ ಎಂದು ಒಂದು ಸಲ ಗಟ್ಟಿಯಾಗಿ ಕೇಳಿ ನೋಡಬಾರದೇ ಅತ್ತೆ ಅನ್ನುತ್ತಿದ್ದೆ. ಅವಳು ಮಾತು ಮರೆಸುತ್ತಿದ್ದಳು. ನನ್ನ ಮದುವೆಯ ಮಾತು ಬಂದಾಗ ಮಾತ್ರ ಗುಬ್ಬಿಗೆ ಬಂದು, ಇವಳ ವಿಷಯದಲ್ಲಿ ಹೂ ಕೇಳಕೂಡದು ಎಂದು ಅಜ್ಜಿಯೆದುರು ಹಟ ಹಿಡಿದಳು. ಆಮೇಲೆ ಹಿತ್ತಲಲ್ಲಿ ನನಗೆ ಹೇಳಿದಳು:

"ಅವತ್ತು ನಾನು ಮೋಸ ಮಾಡ್ದೆ ಕಣೇ. ಎಡಗಡೆ ಎಸಳು ಬೇಗ ಬೀಳ್ಲಿ ಅಂತ ಒಂಚೂರೇ ತೇವ ಮಾಡಿ ಇಟ್ಟೆ. ಬಲಗಡೆದು ಬೀಳ್ದೇ ಇರ್ಲಿ ಅಂತ ಚೆನ್ನಾಗಿ ನೀರಲ್ಲಿ ಅದ್ದಿ ಅಂಟಿಸ್ದೆ. ಆದ್ರೂ ಅದೇ ಬಿತ್ತು. ದೇವ್ರ ಮುಂದೆ ಸಿಕ್ಕಾಕ್ಕೊಂಡೋಳು ಇನ್ಯಾವ ಬಾಯಲ್ಲಿ ಒಲ್ಲೆ ಅನ್ಲಿ?"

ಅದಕ್ಕೇ ಅವಳು ಪ್ರತಿ ಸೋಮವಾರ ಉಪವಾಸವಿದ್ದು ತಪ್ಪಾಯಿತೆಂದು ಬೇಡಿಕೊಳ್ಳುತ್ತಿದ್ದಳು. ಕಾಯಿಲೆ ಬಿದ್ದಾಗಲೂ ಅದನ್ನು ಬಿಡಲಿಲ್ಲ. ಹೋದ ವರ್ಷ ಅತ್ತೆ ತೀರಿಕೊಂಡಳು.

ಮೊನ್ನೆ ಮಗಳ ಪರೀಕ್ಷೆಯ ಬೆಳಿಗ್ಗೆ ಆ ಕಲ್ಲಿಗೆ ಹೂವಿಟ್ಟೆ. ನಾನು ಏನನ್ನೂ ಕೇಳುವುದಿಲ್ಲ, ಮಗು ಹೆದರದಿರಲಿ ಅಂದುಕೊಂಡೆ, ಅಷ್ಟೇ. ಅವಸರದಲ್ಲಿ ಒಂದು ಎಸಳು ನೀರಲ್ಲಿ ಪೂರ್ತಿ ನೆನೆದಿತ್ತು, ಇನ್ನೊಂದಕ್ಕೆ ಒದ್ದೆ ಬೆರಳಷ್ಟೇ ತಾಗಿತ್ತು. ದೀಪ ಹಚ್ಚುವಷ್ಟರಲ್ಲಿ ನೆನೆದ ಎಸಳು ತನ್ನ ನೀರಿನ ಜೊತೆ ತಾನೇ ಜಾರಿ ಬಿತ್ತು. ಇನ್ನೆರಡು ಎಸಳು ಹಾಗೇ ಇಟ್ಟು ನೋಡಿದೆ. ನೆನೆದದ್ದು ಮತ್ತೆ ಜಾರಿತು.

ಅಯ್ಯೋ ಅತ್ತೆ. ನಿನ್ನ ಕೈಯಾರೆ ನೀನೇ ಅದನ್ನು ಬೀಳಿಸಿಕೊಂಡೆಯಲ್ಲ. ಅದು ದೇವರ ಸಿಟ್ಟಲ್ಲ, ಬರೀ ನೀರು ಎಂದು ಕುಣಿಗಲ್ಲಿಗೆ ಓಡಿಹೋಗಿ ಹೇಳಬೇಕೆನಿಸಿತು. ಹೇಳಿಸಿಕೊಳ್ಳಲು ಅವಳಿಲ್ಲ. ಮಗಳು ಗೇಟಿನಿಂದ, ಲೇಟಾಗುತ್ತೆ ಬಾಮ್ಮ ಎಂದು ಕೂಗಿದಳು, ಹೋಗಿ ಬಸ್ಸು ಹತ್ತಿಸಿ ಬಂದೆ.

ಸಂಜೆ ದೀಪ ಹಚ್ಚಲು ಹೋದಾಗ ತೇವವಷ್ಟೇ ತಾಗಿದ್ದ ಎಸಳುಗಳು ಒಣಗಿ, ಕಲ್ಲಿಗೇ ಕಚ್ಚಿಕೊಂಡು, ಇನ್ನೂ ಅಲ್ಲೇ ಇದ್ದವು. ಉಗುರಿನಿಂದ ಕೆರೆದು ತೆಗೆಯಬೇಕಾಯಿತು.